ಒಲೆ ಹಚ್ಚದ ಮನೆಯ ಕುಕ್ಕರ್

ಕಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕಟ್ ಕಟ್.

ಸರಿರಾತ್ರಿಯ ನಡುಮನೆಯಲ್ಲಿ ಎಚ್ಚರವಾಗಿದ್ದವರು ಇಬ್ಬರೇ: ಸೊಸೆ ನಯನ ಮತ್ತು ಪಕ್ಕದ ಮನೆಯ ಮುನಿರತ್ನಮ್ಮ. ಅತ್ತೆ ಪುಟ್ಟಲಕ್ಷ್ಮಮ್ಮ ತಲೆಯ ಬಳಿ ದೀಪವಿಟ್ಟುಕೊಂಡು ಮಲಗಿದ್ದರು. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದು, ಕಾಫಿ ಕೇಳಿ, ಕಾಫಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

"ಹಲ್ಲಿ ನುಡೀತಾ ಐತೆ," ಎಂದು ಮುನಿರತ್ನಮ್ಮ ನೆಲಕ್ಕೆ ಬೆರಳು ತಟ್ಟಿದರು.

"ಹೌದಕ್ಕ, ಹಲ್ಲಿ," ಎಂದಳು ನಯನ, ಬೇಕಾದ್ದಕ್ಕಿಂತ ಬೇಗ.

ಅದು ಹಲ್ಲಿಯಲ್ಲ. ರಾಗಿ ಚೀಲಗಳ ಕೋಣೆಯಲ್ಲಿ, ಅತ್ತೆಯ ಕರಿ ಕಂಬಳಿ ಹೊದಿಸಿದ ಬುಟ್ಟಿಯೊಳಗೆ, ಒಂದು ಗೂಬೆ ಕೊಕ್ಕು ಕಟಕಟಿಸುತ್ತಿತ್ತು. ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡಿದ್ದ ಕಣಜ ಗೂಬೆ. ಗಾಯ ಮಾಗಿತ್ತು. ಭಾನುವಾರ ಬಿಡುವುದೆಂದು ಅತ್ತೆಯೂ, ಗಾಯಗೊಂಡ ಹಕ್ಕಿ ಉಳಿಸುವ ಕೆಲಸದಲ್ಲಿ ಅವರ ಜೊತೆಗಾರ ಆಫ್ತಾಬನೂ ಗೊತ್ತುಮಾಡಿಕೊಂಡಿದ್ದರು. ಆ ಇಬ್ಬರನ್ನೂ ನಯನಳನ್ನೂ ಬಿಟ್ಟರೆ ಮನೆಯಲ್ಲಿ ಗೂಬೆ ಇರುವುದು ಯಾರಿಗೂ ಗೊತ್ತಿರಲಿಲ್ಲ, ಅವಳ ಗಂಡ ಗಂಗರಾಜುವಿಗೂ. "ಗಂಡಸ್ರು ಹೆದ್ರುಕೋತಾರೆ, ಪಾಪ," ಎಂದಿದ್ದರು ಅತ್ತೆ.

ಈಗ ಗೊತ್ತಾದರೆ? ಗೂಬೆ ಹೊಕ್ಕ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕೆನ್ನುತ್ತಾರೆ. ಅದಾದರೂ ಆಗಲಿ. ಗೂಬೆ ತಂದಿದ್ದಕ್ಕೇ ಪುಟ್ಟಲಕ್ಷ್ಮಮ್ಮ ಸತ್ತರು ಎಂಬ ಮಾತು ಹುಟ್ಟುತ್ತದೆ. ಅಷ್ಟು ಹಕ್ಕಿಗಳನ್ನು ಬದುಕಿಸಿದ ಹೆಂಗಸಿಗೆ ಆ ಒಂದೇ ಹೆಸರು ಉಳಿಯುತ್ತದೆ. ಯಾರಾದರೂ ದೊಣ್ಣೆ ತೆಗೆದುಕೊಂಡು ಆ ಬುಟ್ಟಿಗೆ... ನಯನ ಯೋಚನೆಯನ್ನು ಅಲ್ಲಿಗೆ ನಿಲ್ಲಿಸಲು ನೋಡಿದಳು. ಅವಳ ಯೋಚನೆಗಳಿಗೆ ನಿಲ್ಲುವ ಅಭ್ಯಾಸವಿರಲಿಲ್ಲ.

*

ನಯನ ಮದುವೆಯಾಗಿ ಬಂದ ವರ್ಷ. ಕೆಂಗಲ್ ಆಂಜನೇಯನ ಗುಡಿಯಿಂದ ಹೊರಬರುವಾಗ ರಸ್ತೆ ಬದಿಯಲ್ಲಿ ಜನ ಸೇರಿತ್ತು. ನಡುವೆ ಒಂದು ಗರುಡ ರೆಕ್ಕೆ ಜೋತುಬಿಟ್ಟು ಕೂತಿತ್ತು. ಎಲ್ಲರೂ ಕೈ ಮುಗಿಯುತ್ತಿದ್ದರು. ಯಾರೋ ಹೂವಿಟ್ಟಿದ್ದರು, ಯಾರೋ ಊದುಬತ್ತಿ ಹಚ್ಚಿದ್ದರು. ಎಲ್ಲರಿಗಿಂತ ಮುಂದೆ ಕಣ್ಣು ಮುಚ್ಚಿ ನಿಂತಿದ್ದವರು ಅತ್ತೆಯ ಭಾವ, ಮನೆಗೆ ಹಿರಿಯರಾದ ಬೀರಲಿಂಗಯ್ಯ.

ಭಾವನೆದುರು ದನಿ ಎತ್ತದ ಅತ್ತೆ, ಅವರ ಹೆಗಲಿನ ಕಂಬಳಿಯನ್ನು ಸರಕ್ಕನೆ ಎಳೆದು ಗರುಡನ ಮೇಲೆ ಹಾಕಿ, ಎತ್ತಿ ಎದೆಗಪ್ಪಿಕೊಂಡರು.

"ಕೈ ಮುಗ್ದಿದ್ದು ಸಾಕು, ಯಾರಾರ ಒಸಿ ನೀರ್ ತತ್ತನ್ರಪ್ಪ!"

ನೀರು ಕೊಟ್ಟವನು ಆಫ್ತಾಬ್. ರೇಷ್ಮೆಗೂಡು ಮಾರಿ ಖಾಲಿ ಕ್ರೇಟುಗಳೊಂದಿಗೆ ಸ್ಕೂಟರಿನಲ್ಲಿ ಬರುತ್ತಿದ್ದ. "ಪಶು ಆಸ್ಪತ್ರೆಗೆ ನಾನ್ ಬಿಡ್ತೀನಿ ಅಮ್ಮ, ಕೂತ್ಕೊಳಿ," ಎಂದ. ಅತ್ತೆ ಗರುಡನ ಸಮೇತ ಹತ್ತಿ ಹೊರಟೇಹೋದರು. ಹೊಸ ಸೊಸೆ ಒಬ್ಬಳೇ ಬಸ್ಸು ಹಿಡಿದು ಮನೆ ಸೇರಿದಳು.

ಆಮೇಲೆ ಆಫ್ತಾಬನೇ ಅವರನ್ನು ಬೆಂಗಳೂರಿನ ಹಕ್ಕಿ ಆರೈಕೆಯ ತರಬೇತಿಗೂ ಕರೆದೊಯ್ದ. ಅತ್ತೆ ಕೊರಳಿಗೆ ಕಾರ್ಡು ಹಾಕಿಕೊಂಡು ಸ್ವಯಂಸೇವಕಿಯಾಗಿ ಬಂದರು. ಬಹಳ ದಿನ ಮಾತು ಬಿಟ್ಟಿದ್ದ ಬೀರಲಿಂಗಯ್ಯ ಮೊದಲು ಕೇಳಿದ್ದು, "ನನ್ನ ಕಂಬ್ಳಿ?"

"ಅದ್ರೊಳ್ಗೆ ಗಿಣಿ ಮರಿ ಮಲಗ್ಯದೆ ಭಾವ. ಎಬ್ಬಿಸ್ಲಾ?"

ಬೀರಲಿಂಗಯ್ಯ ಹೊಸ ಕಂಬಳಿ ತಂದುಕೊಂಡರು.

*

ಬೆಳಿಗ್ಗೆ ಆಫ್ತಾಬ್ ಹಾರದ ಕವರು ಹಿಡಿದು ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು. ಹಿತ್ತಿಲ ಬಾಗಿಲಲ್ಲಿ ನಯನ ಸಿಕ್ಕಾಗ ಪಿಸುಗುಟ್ಟಿದ, "ಗಿರಾಕಿ ಹೆಂಗವ್ನೆ ಅಕ್ಕ?"

"ನಿನ್ನೆಯಿಂದ ಉಪವಾಸ. ಸಾವಿನ ಮನೆಗೆ ಮಾಂಸ ಹೇಗೆ ತರ್ಲಿ?"

"ಕವರ್‌ನಲ್ಲಿ ಐತೆ. ಮೇಲೆ ಹೂವು, ಕೆಳಗೆ ಕೋಳಿ."

"ಈಗ್ಲೇ ತಗೊಂಡು ಹೋಗ್ಬಿಡಪ್ಪ."

"ಹಗಲಲ್ಲಿ ಬಿಟ್ರೆ ಕಾಗೆಗಳು ಕುಕ್ಕಿ ಸಾಯಿಸ್ತವೆ. ಇಷ್ಟು ಜನರ ಮಧ್ಯೆ ಬುಟ್ಟಿ ಹೊತ್ಕೊಂಡ್ ಹೋದ್ರೆ ಕೇಳಲ್ವಾ? ಕತ್ತಲಾಗ್ಲಿ."

ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಉಸ್ಸ್ಸ್ಸ್.

ಜಗಲಿಯ ಮಾತು ನಿಂತಿತು. ಹೆಣ ಎತ್ತುವ ತನಕ ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬಂದವರಿಗೆ ಕಾಫಿ ಕೂಡ ಪಕ್ಕದ ಮನೆಯಿಂದ ಬರುತ್ತಿತ್ತು.

"ಯಾರವ್ವ ಅದು, ಕುಕ್ಕರ್ ಇಟ್ಟಿರೋರು?" ಬೀರಲಿಂಗಯ್ಯನ ದನಿ.

ನಯನ ಹಸಿದ ಗೂಬೆಯ ಬಗ್ಗೆ ಯೋಚಿಸಿದಳು. "ನಾನೇ ದೊಡ್ಡಮಾವ. ಮರೆತು... ಬೇಳೆ ಇಟ್ಬಿಟ್ಟೆ."

"ಬೇಳೆ!" ಮುನಿರತ್ನಮ್ಮ ಎದೆ ಮುಟ್ಟಿಕೊಂಡರು. "ಅತ್ತೆ ಇನ್ನೂ ಇಲ್ಲೇ ಮಲಗವ್ಳೆ, ಇವ್ಳಿಗೆ ಸಾರಿನ ಯೋಚ್ನೆ. ಡಿಗ್ರಿ ಓದವ್ಳಂತೆ!"

"ಡಿಗ್ರಿ ಓದಿದ್ಕೇ ಕುಕ್ಕರ್ ಕಣಕ್ಕ. ಇಲ್ದಿದ್ರೆ ಮಡಕೆ ಇಡೋಳು," ಎಂದರು ಜಗಲಿಯಿಂದ ಯಾರೋ. ನಕ್ಕವರು ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಗಂಗರಾಜು ಹೆಂಡತಿಯನ್ನು ಹೊಸಬಳನ್ನು ಕಂಡಂತೆ ನೋಡಿದ.

ಈ ಕತೆ ಇನ್ನು ವರ್ಷಗಟ್ಟಲೆ ಕೂಟಗಲ್ ಊರಿನಲ್ಲಿ ಓಡಾಡುತ್ತದೆ. ಓಡಾಡಲಿ. "ಆರ್ಸು ಹೋಗವ್ವ," ಎಂದರು ಬೀರಲಿಂಗಯ್ಯ. ನಯನ ಹಾರದ ಕವರು ಎತ್ತಿಕೊಂಡು ರಾಗಿ ಕೋಣೆಗೆ ಹೋದಳು. ಸೇಬನ್ನು ಅರ್ಧಕ್ಕೆ ಕೊಯ್ದಂಥ ಬಿಳಿ ಮುಖ ಕತ್ತಲಲ್ಲಿ ಅವಳತ್ತ ತಿರುಗಿತು. ಚೂರುಗಳನ್ನೆಲ್ಲ ನುಂಗಿ ಸುಮ್ಮನಾಯಿತು.

ಹುಬ್ಬಳ್ಳಿಯಿಂದ ಅತ್ತೆಯ ಮಗಳು ಧನಲಕ್ಷ್ಮಿ ಬಂದಾಗ ಹೊತ್ತು ಇಳಿದಿತ್ತು. ಅಂಗಳದಲ್ಲಿ ಅತ್ತೆಯ ಮೈ ತೊಳೆಯಲು ನಯನ ನೀರು ಹೊಯ್ಯುತ್ತಿದ್ದಳು.

"ಪುಟ್ಟಲಕ್ಷ್ಮಿ ಕಂಬ್ಳಿ ಎಲ್ಲಿ?" ಎಂದರು ಬೀರಲಿಂಗಯ್ಯ.

ಚೊಂಬು ಅವಳ ಕೈಯಲ್ಲೇ ನಿಂತಿತು. ಆ ಮನೆಯಲ್ಲಿ ಹೋದವರನ್ನು ಅವರವರ ಕಂಬಳಿಯ ಮೇಲೇ ಮಲಗಿಸಿ ಮಣ್ಣು ಮಾಡುತ್ತಾರೆ. ಅದನ್ನು ಹೇಗೆ ಮರೆತಳು?

"ನಾನ್ ತರ್ತೀನಿ..."

"ನೀ ನೀರ್ ಹುಯ್ಯವ್ವ. ನಡುವ್ನಲ್ಲಿ ಬುಟ್ಟು ಏಳ್ಬಾರ್ದು." ಬೀರಲಿಂಗಯ್ಯ ಆಗಲೇ ರಾಗಿ ಕೋಣೆಯ ಹೊಸಿಲು ದಾಟಿದ್ದರು.

ನಯನ ನೀರು ಹೊಯ್ದಳು. ಎಲ್ಲಿಗೆ ಹೊಯ್ಯುತ್ತಿದ್ದೇನೆಂದು ಕಾಣಲಿಲ್ಲ. ಒಳಗಿನಿಂದ ಮತ್ತೆ, ಉಸ್ಸ್ಸ್.

"ಮತ್ತೆ ಇಟ್ಳಾ?" ಎಂದರು ಮುನಿರತ್ನಮ್ಮ.

ಕೂಗಾಟ ಏಳಲಿಲ್ಲ. ದೊಣ್ಣೆಗೆ ಯಾರೂ ಓಡಲಿಲ್ಲ. ಬಹಳ ಹೊತ್ತಿನ ಮೇಲೆ ಬೀರಲಿಂಗಯ್ಯ ಹೊರಬಂದರು. ಒಂದು ಕೈಯಲ್ಲಿ ಪುಟ್ಟಲಕ್ಷ್ಮಮ್ಮನ ಹಳೆಯ ಕಂಬಳಿ. ತಮ್ಮ ಕಂಬಳಿ ಹೆಗಲ ಮೇಲಿರಲಿಲ್ಲ. ಅದು ಮುದುಡಿಕೊಂಡು, ಆಗತಾನೆ ಹುಟ್ಟಿದ ಕುರಿಮರಿಯಂತೆ, ಇನ್ನೊಂದು ತೋಳಿನಲ್ಲಿತ್ತು. ನಯನಳ ಪಕ್ಕ ಹಾಯುವಾಗ ಅವಳತ್ತ ನೋಡದೆ ಹೇಳಿದರು:

"ಕುಕ್ಕರ್ ಇಳಿಸ್ದೆ ಕಣವ್ವ."

*

ಹೊಲದ ಬದುವಿನಲ್ಲಿ ಮಣ್ಣು ಮುಚ್ಚಿದಾಗ ಮಬ್ಬು ಕವಿದಿತ್ತು. ಅಷ್ಟು ಹೊತ್ತೂ ಬೀರಲಿಂಗಯ್ಯ ಮಾಡಿದ್ದೆಲ್ಲ ಒಂದೇ ಕೈಯಲ್ಲಿ.

"ಎಲ್ರೂ ನಡೀರಿ. ಯಾರೂ ಹಿಂದಕ್ ತಿರುಗಿ ನೋಡ್ಬ್ಯಾಡಿ," ಎಂದರು. ಮಣ್ಣು ಮಾಡಿ ಬರುವಾಗ ತಿರುಗಿ ನೋಡಬಾರದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಇವತ್ತು ಅವರು ಅದನ್ನು ಎರಡೆರಡು ಸಲ ಹೇಳಿದರು.

"ನೀವು, ದೊಡ್ಡಪ್ಪ?" ಎಂದ ಗಂಗರಾಜು.

"ನಡೀಲಾ ನೀನು. ಒಸಿ ಕೂತಿದ್ದು ಬತ್ತೀನಿ."

ನಯನ ಎಲ್ಲರ ಹಿಂದೆ ನಡೆದಳು. ಬೇಡವೆಂದದ್ದನ್ನು ಎಂದೂ ಮಾಡಿದವಳಲ್ಲ. ಬೇಲಿ ದಾಟುವಾಗ ತಿರುಗಿದಳು.

ಮುದುಕ ಕಂಬಳಿ ಬಿಚ್ಚಿ, ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿದು ನಿಂತಿದ್ದರು, ಕಣ್ಣು ತೆರೆದುಕೊಂಡು. ಅದರ ಮೇಲಿಂದ ಬಿಳಿಯದೊಂದು ಸದ್ದಿಲ್ಲದೆ ಎದ್ದಿತು. ರಾಗಿ ಹೊಲದ ಮೇಲೆ ಒಮ್ಮೆ ವಾಲಿತು, ಸರಿಮಾಡಿಕೊಂಡಿತು, ಬಂಡೆಗಳ ಕಡೆಗೆ ಹೋಯಿತು.

"ಹಿಂದಕ್ ನೋಡ್ದೇನೇ?" ಮುಂದಿನಿಂದ ಮುನಿರತ್ನಮ್ಮ ಕೇಳಿದರು.

"ಇಲ್ಲಕ್ಕ."

ಎಲ್ಲರೂ ಕಾಲು ತೊಳೆದು, ಹೊಸಿಲಲ್ಲಿಟ್ಟ ದೀಪ ನೋಡಿ ಒಳಗೆ ಹೋದ ಮೇಲೆ ಬೀರಲಿಂಗಯ್ಯ ಬಂದರು. ಕಂಬಳಿ ಹೆಗಲಿಗೆ ಮರಳಿತ್ತು. ಅದಕ್ಕೊಂದು ಮೃದುವಾದ ಬಿಳಿ ಪುಕ್ಕ ಅಂಟಿಕೊಂಡಿತ್ತು.

ಬಿಟ್ಟವರು ಯಾರೆಂದು ಆಫ್ತಾಬನಿಗೂ ಹೇಳುವುದಿಲ್ಲ, ಎಂದುಕೊಂಡಳು ನಯನ. ಅವರ ಕಾಲಿಗೆ ನೀರು ಹೊಯ್ದಳು. ದೀಪ ನೋಡಲು ಅವರು ಬಗ್ಗಿದಾಗ ಪುಕ್ಕವನ್ನು ಮೆಲ್ಲಗೆ ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.