ಹುರಿಯುವವನ ಮೂಗು

ಸಕಲೇಶಪುರದಲ್ಲಿ ಕಾಫಿಪುಡಿ ಮಿಲ್ಲು ಇಟ್ಟಿದ್ದ ಸಿದ್ದಬಸಪ್ಪನ ವ್ಯಾಪಾರಸೂತ್ರ ಮೂರು. ಒಬ್ಬರ ಬೀಜ ಇನ್ನೊಬ್ಬರ ಪುಡಿಗೆ ಸೇರಬಾರದು. ಗಿರಾಕಿಗೆ ಹೇಳದೆ ಚಿಕೋರಿ ಬೆರೆಸಬಾರದು. ಗಡಿಯಾರ ನೋಡಿ ಹುರಿಯಬಾರದು, ಮೂಗಿನಿಂದ ಹುರಿಯಬೇಕು. ಮೂವತ್ತು ವರ್ಷ ಆ ಮಿಲ್ಲು ನಡೆದದ್ದು ಅವನ ಮೂಗಿನ ನೇರಕ್ಕೇ.

ಎಂಟು ತಿಂಗಳ ಹಿಂದೆ ಒಂದು ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಮೂಗು ಮಾತ್ರ ಉಳಿಯಿತು, ಕನ್ನಡಕ ಕೂರಿಸುವುದಕ್ಕೆ.

'ಗಿರಾಕಿಗಳಿಗೆ ಹೇಳ್ಬುಡಿ ಕಣ್ರೀ,' ಎಂದಳು ಹೆಂಡತಿ ದ್ರಾಕ್ಷಾಯಣಿ.

'ಹೇಳಿದ್ರೆ ಊರೆಲ್ಲ ಮೂಗು ಮುರಿತದೆ. ಸುಮ್ನಿರು.'

ಅಂದಿನಿಂದ ಗಡಿಯಾರವೇ ಅವನ ಮೂಗು.

ಮೊನ್ನೆ ಆಲೂರು ಕಡೆಯ ಪರಮಶಿವಯ್ಯ, ಚಿಕ್ಕಂದಿನ ಗೆಳೆಯ, ಮೂರು ಕೆಜಿ ಬೀಜ ತಂದ.

'ನಮ್ಮೋಳು ಕೊನೆ ಸಲ ಒಣಗಿಸಿದ್ದು ಕಣೋ. ನಾಳೆ ಅವ್ಳ ವರ್ಷದ ಪೂಜೆ. ಇದ್ರದ್ದೇ ಒಂದ್ ಲೋಟ ಎಡೆಗಿಡ್ಬೇಕು.'

ವರ್ಷವಿಡೀ ಅಟ್ಟದ ಮೇಲಿದ್ದ ಬೀಜ ಗರಿಗರಿ ಒಣಗಿತ್ತು, ಬೇಗ ಹುರಿದುಹೋಯಿತು. ಗಡಿಯಾರಕ್ಕೆ ಅದೆಲ್ಲಿ ತಿಳಿಯಬೇಕು? ಹುರಿಯುವ ಡ್ರಮ್ಮಿನಿಂದ ಸುರಿದದ್ದು ಇದ್ದಿಲು.

ಸಿದ್ದಬಸಪ್ಪ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದ.

'ಸುಟ್ಟಾಕ್ಬುಟ್ಟೆ ಕಣೋ. ನಂಗೆ ವಾಸ್ನೆ ಗೊತ್ತಾಗಲ್ಲ. ಎಂಟ್ ತಿಂಗ್ಳಾತು.'

'ಗೊತ್ತೈತೆ ಬುಡು.'

'ಯಾರ್ ಹೇಳಿದ್ರು?'

'ನಿನ್ ಕಾಫೀನೇ ಹೇಳ್ತು ಮಾರಾಯ! ಎಂಟ್ ತಿಂಗ್ಳಿಂದ ಊರೆಲ್ಲ ಕುಡೀತೈತೆ. ನಿಂಗೆ ಬೇಜಾರಾದೀತು ಅಂತ ಯಾರೂ ಉಸುರ್ಲಿಲ್ಲ.'

'ಗೊತ್ತಿದ್ದೂ ಇದನ್ಯಾಕ್ ತಂದ್ಯೋ? ಬೇರೆ ಕಡೆ ಕೊಡ್ಬಾರ್ದಿತ್ತಾ?'

'ಮೂವತ್ತು ವರ್ಷ ಬೇರೆ ಕಡೆ ಕಳಿಸ್ನಿಲ್ಲ ಅವ್ಳು. ಸತ್ ಮೇಲೆ ನಾನು ಕೊಡ್ಲಾ?'

ಸಿದ್ದಬಸಪ್ಪ ತಟ್ಟೆಯನ್ನು ಮುಖದ ಹತ್ತಿರ ತಂದು ಎದೆತುಂಬ ಉಸಿರೆಳೆದ. ಬಿಸಿ ತಾಗಿತು, ಅಷ್ಟೇ.

'ಹೆಂಗೈತೆ ವಾಸ್ನೆ? ಸುಳ್ ಹೇಳ್ಬ್ಯಾಡ.'

'ಸೀದೈತೆ,' ಎಂದ ಪರಮಶಿವಯ್ಯ. ತಟ್ಟೆಯಿಂದ ಒಂದು ಕರಿಬೀಜ ಎತ್ತಿಕೊಂಡ. 'ಅವ್ಳೂ ದಿನಾ ಹಾಲು ಸೀಯಿಸ್ತಿದ್ಲು. ನಾನು ದಿನಾ ಬೈತಿದ್ದೆ. ಪುಡಿ ಮಾಡ್ಕೊಡು.'

ಸಿದ್ದಬಸಪ್ಪ ಬೀಸಿದ. ಒಂದು ಚಿಟಿಕೆಯೂ ಉಳಿಯದಂತೆ ಬ್ರಷ್ಷಿನಲ್ಲಿ ಗುಡಿಸಿ ತುಂಬಿಕೊಟ್ಟ. ಗೆಳೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು ಬಸ್ಸಿಗೆ ನಡೆದ.

ಸರದಿಗೆ ಕಾದಿದ್ದ ಪಕ್ಕದ ಬೀದಿಯ ಹುಡುಗಿ ಗಗನಾ ಬೀಜದ ಚೀಲ ಮುಂದಕ್ಕೆ ತಳ್ಳಿದಳು. 'ಮಾವ, ನಮ್ದು?'

'ಬಸ್ ಸ್ಟ್ಯಾಂಡ್ ಹಿಂದೆ ಇನ್ನೊಂದು ಮಿಲ್ಲೈತೆ ಕಣವ್ವ,' ಎಂದ ಸಿದ್ದಬಸಪ್ಪ, ಗ್ಯಾಸ್ ಆರಿಸುತ್ತಾ. 'ಇನ್ಮೇಲೆ ಅಲ್ಲಿಗೆ ಹೋಗು. ಅಲ್ಲಿರೋ ಹುಡುಗ್ನಿಗೆ ಮೂಗೈತೆ.'