ಅಳಿಸುವ ಚೀಟಿ

ಲೋಟ ಮೇಜಿನಿಂದ ಒಂದು ಗೇಣು ಮೇಲೆದ್ದಿತ್ತು. ಅವಳು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ ಪರದೆಯ ಹತ್ತಿರಕ್ಕೆ ಮುಖ ಒಯ್ದಳು. ಲೋಟದ ಕಂಠದಿಂದ ಕಪ್ಪು ದಾರವೊಂದು ನೆಟ್ಟಗೆ ಮೇಲಕ್ಕೆ ಹೋಗಿತ್ತು. ಅದರ ಜೊತೆಗೇ ಅವಳ ಕಣ್ಣೂ ಮೇಲೇರಿತು. ಚೌಕಟ್ಟಿನ ತುತ್ತತುದಿಯಲ್ಲಿ, ಹಲಗೆಯೊಂದರ ಅಂಚಿನಿಂದ, ಒಂದು ಕೈ ಇಳಿಬಿದ್ದಿತ್ತು. ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಆ ಬಟ್ಟೆ ಸುತ್ತಿದವಳು ಅವಳೇ.

"ಏನಕ್ಕಾ, ಇನ್ನೊಂದು ಸಿಕ್ತಾ?" ಪಕ್ಕದ ಮೇಜಿನಿಂದ ಮಾಲೀಕ ಕೇಳಿದ.

"ಹೂಂ. ಇನ್ನೊಂದು ದಾರ."

"ನಿಮ್ದು ಕಣ್ಣಲ್ಲ ಬಿಡಿ, ಹದ್ದು. ಕಂಪ್ಯೂಟರಿಗೇ ಕಾಣದ್ದು ನಿಮಗೆ ಕಾಣತ್ತೆ."

ಕಾಣದೆ ಏನು? ಆ ದಾರಗಳಿಗೆಲ್ಲ ದೀಪದ ಮಸಿ ಮತ್ತು ಮೇಣ ಸವರಿದ್ದು ಅವಳ ಅಡುಗೆಮನೆಯಲ್ಲೇ. ಮಾಲೀಕನಿಗೆ ಅದು ಗೊತ್ತಿರಲಿಲ್ಲ. ಫೋಟೋ ಸ್ಟುಡಿಯೋದಲ್ಲಿ ಮುಖದ ಕಲೆ ತಿದ್ದುತ್ತಿದ್ದವಳು, ಕೈ ಚೊಕ್ಕ, ಮಾತು ಕಡಿಮೆ ಎಂದು ಕೆಲಸಕ್ಕೆ ಇಟ್ಟುಕೊಂಡಿದ್ದ. ಹಳೆಯ ಧಾರಾವಾಹಿಗಳ ಗೀರು, ಧೂಳು, ಕಲೆ ತೆಗೆದು ಹೊಸದಾಗಿಸುವುದು ಅವನ ಕಸುಬು.

ಈ ಧಾರಾವಾಹಿಯಲ್ಲಿ ಸತ್ತ ಅತ್ತೆ ಅಡುಗೆಮನೆ ಬಿಟ್ಟು ಹೋಗಲೊಲ್ಲಳು. ಸೊಸೆ ಉಪ್ಪು ಮರೆತರೆ ಡಬ್ಬಿ ತಾನಾಗಿ ತೇಲಿ ಬರುತ್ತದೆ. ಮಗ ಹೆಂಡತಿಯ ಮೇಲೆ ರೇಗಿದರೆ ಚಪ್ಪಲಿ ಹಾರಿ ಬಂದು ಅವನ ಬೆನ್ನಿಗೇ ಬೀಳುತ್ತದೆ. ಅದು ಬರುವ ಹೊತ್ತಿಗೆ ಬೀದಿಗಳಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. "ಎಲ್ಲಾ ಮನೇಲೂ ಅತ್ತೆ ಸೊಸೇನ ಕುಣಿಸ್ತಾಳೆ. ನಾನು ಅತ್ತೇನೇ ಕುಣಿಸ್ತೀನಿ ಕಣೇ," ಎಂದು ಅವಳ ಗಂಡ ಬೀಗುತ್ತಿದ್ದ. ಹಲಗೆಯ ಮೇಲೆ ಕೂತು ದಾರ ಎಳೆಯುವುದು ಅವನ ಕೆಲಸ. ಕೈ ನಡುಗೀತೆಂದು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ.

ಅವಳು ರೀಲಿನ ಮೊದಲಿಗೆ ಹೋಗಿ ನೋಡಿದಳು. ದೃಶ್ಯ ಶುರುವಾಗುವ ಮುನ್ನ ಹಿಡಿಯುವ ಕ್ಲಾಪ್ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದಿತ್ತು. ಅದೇ ದಿನ. ಇದು ಎರಡನೆಯ ಸಲ ತೆಗೆದದ್ದು. ನಿರ್ದೇಶಕ 'ಇನ್ನೊಂದ್ಸಲ' ಎಂದಿದ್ದ. ಮೂರನೆಯ ಸಲಕ್ಕೆ ಅವಳ ಗಂಡ ಹಲಗೆಯಿಂದ ಬಿದ್ದು ಸತ್ತ.

ವಿಚಾರಣೆಯಲ್ಲಿ ನಿರ್ದೇಶಕ ನಿಂತು ಹೇಳಿದ್ದು ಅವಳಿಗೆ ಇಪ್ಪತ್ತಾರು ವರ್ಷದಿಂದ ಬಾಯಿಪಾಠ. 'ನಮ್ಮಲ್ಲಿ ದಾರ ಎಳೆಯುವವರೇ ಇಲ್ಲ. ಎಲ್ಲಾ ಕ್ಯಾಮೆರಾದ ಕೈಚಳಕ. ಮೇಲೆ ಯಾರೂ ಇರಲಿಲ್ಲ. ಯಾವನೋ ಕುಡಿದು ಒಳಗೆ ನುಗ್ಗಿದ್ದಾನೆ.' ಅವತ್ತಿನಿಂದ ಅವಳು ಕುಡುಕನ ಹೆಂಡತಿ. ಆ ಸುಳ್ಳಿನ ಮೇಲೆಯೇ ನಿರ್ದೇಶಕ ಕ್ಯಾಮೆರಾ ಮಾಂತ್ರಿಕನಾದ. ಮುಂದಿನ ವಾರ ಅವನಿಗೆ ಸನ್ಮಾನ, ಟೀವಿಯಲ್ಲಿ ಈ ಧಾರಾವಾಹಿಯ ಮರುಪ್ರಸಾರ. ಅದಕ್ಕೇ ದಾರಗಳನ್ನೆಲ್ಲ ಅಳಿಸಲು ಗುಟ್ಟಾಗಿ ಇಲ್ಲಿಗೆ ಕೊಟ್ಟಿದ್ದ. ಆಗಿನ ಟೀವಿಗಳಲ್ಲಿ ಚಿತ್ರದ ಅಂಚು ಕತ್ತರಿಸಿ ಹೋಗುತ್ತಿತ್ತು. ಆ ಕೈಯನ್ನು ಯಾರೂ ಕಂಡಿರಲಿಲ್ಲ.

ಅವಳು ಮೇಜಿನ ಡ್ರಾಯರಿನಿಂದ ಚೀಟಿಯ ಪುಸ್ತಕ ತೆಗೆದಳು. ಹಿಂದೊಮ್ಮೆ ಯಾರೋ 'ನಮ್ಮ ಚಿತ್ರದಲ್ಲಿ ಇದ್ದದ್ದನ್ನು ಅಳಿಸಿಬಿಟ್ಟಿರಿ' ಎಂದು ಕೋರ್ಟಿಗೆ ಎಳೆದ ಮೇಲೆ ಮಾಲೀಕ ಮಾಡಿದ ನಿಯಮವದು: ಏನನ್ನು ಅಳಿಸಬೇಕೆಂದು ಚಿತ್ರದವರೇ ಬರೆದು ಸಹಿ ಹಾಕಬೇಕು. ಮೊದಲ ಚೌಕಟ್ಟು ಅಳಿಸುವ ಮುನ್ನ ಚೀಟಿ ವಾಪಸ್ ಪಡೆಯಬಹುದು. ಅಳಿಸಿದ ಮೇಲೆ ಇಲ್ಲ. ಆಗ ಒಂದು ಪ್ರತಿ ಕಡತಕ್ಕೆ, ಕಾರ್ಬನ್ ಪ್ರತಿ ಕೆಲಸ ಮಾಡಿದವರಿಗೆ.

ನಿರ್ದೇಶಕ ಮರುದಿನ ಬೆಳಿಗ್ಗೆ ಬಂದ. ಬಿಳಿಗಡ್ಡ, ಸೆಂಟಿನ ವಾಸನೆ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ನಲವತ್ತು ದಾರಗಳ ನಲವತ್ತು ಚೀಟಿಗಳಲ್ಲೂ 'ದಾರ' ಎಂದು ಬರೆದು, ಉಳಿದದ್ದನ್ನು ಓದದೆಯೇ ಸಹಿ ಗೀಚಿದ. ನಡುನಡುವೆ ಪರದೆ ನೋಡಿ ನಗುತ್ತಿದ್ದ. ಚಪ್ಪಲಿ ಮಗನ ಬೆನ್ನಿಗೆ ಬಿದ್ದಾಗ ಅವಳಿಗೂ ನಗು ಬಂದುಬಿಟ್ಟಿತು. ದಾರ ಕಣ್ಣೆದುರಿಗೇ ಇದ್ದರೂ ಹೊಡೆದದ್ದು ಅತ್ತೆಯೇ ಅನ್ನಿಸುತ್ತಿತ್ತು. ಅವಳು ಮುಂದಿನ ಚೀಟಿಯನ್ನು ಅವನ ಮುಂದೆ ತಳ್ಳಿದಳು.

"ನೋಡಿದೆಯೇನಮ್ಮಾ? ಈಗಿನೋರು ಕೋಟಿ ಸುರೀತಾರೆ, ಒಂದು ನಗು ಬರಲ್ಲ," ಎಂದ ನಿರ್ದೇಶಕ.

"ಹೌದು ಸಾರ್. ಇನ್ನೊಂದೇ ಒಂದಿದೆ. ಇದೇನು ಅಂತ ತಿಳೀಲಿಲ್ಲ." ಅವಳು ಲೋಟದ ದೃಶ್ಯ ತೆರೆದಳು.

ಅವನು ಬಗ್ಗಿ ನೋಡಿದ. "ಎಂಥದೋ ನೆರಳು."

ಅವಳು ದೊಡ್ಡದು ಮಾಡಿದಳು. "ನೆರಳಿಗೆ ಉಗುರಿರತ್ತಾ ಸಾರ್?"

ಅವನು ಗಡಿಯಾರ ನೋಡಿಕೊಂಡ. "ಅಳಿಸಮ್ಮ ಅದನ್ನ, ಸಾಕು."

"ಚೀಟಿ ಸಾರ್."

ಅವನು 'ಕೈ' ಎಂದು ಬರೆದ.

"ಬರೀ ಕೈ ಅಂದ್ರೆ ಹೇಗೆ ಸಾರ್? ಈ ಚಿತ್ರದಲ್ಲಿ ಏಳು ಕೈ ಇದಾವೆ. ಸೊಸೆ ಕೈ ಅಳಿಸಿಬಿಟ್ರೆ ಆಮೇಲೆ ಅಡುಗೆ ಮಾಡೋರು ಯಾರು?"

ಮಾಲೀಕ ಗೊಳ್ಳೆಂದು ನಕ್ಕ. ನಿರ್ದೇಶಕನೂ ನಕ್ಕ. ನಗುತ್ತಲೇ ಬರೆದ: 'ಹಲಗೆ, ಅದರ ಮೇಲೆ ಕೂತು ದಾರ ಎಳೆಯುತ್ತಿರುವ ಆಳಿನ ಕೈ.' ತಾರೀಕಿನ ಜಾಗದಲ್ಲಿ ಚಿತ್ರ ತೆಗೆದ ದಿನವನ್ನು ಅವಳು ಮೊದಲೇ ತುಂಬಿಸಿದ್ದಳು. ಕೆಳಗೆ ಅವನ ಸಹಿ ಬಿತ್ತು.

ಅವಳು ಚೀಟಿಯ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. "ಇಷ್ಟನ್ನ ಅವತ್ತೇ ಹೇಳಿದ್ರೆ ಸಾಕಾಗಿತ್ತು ಸಾರ್."

"ಯಾವತ್ತು?"

"ಮೇಲೆ ಯಾರೂ ಇರ್ಲಿಲ್ಲ ಅಂದ್ರಲ್ಲಾ, ಅವತ್ತು. ನಾನು ಅವರ ಹೆಂಡ್ತಿ."

ನಿರ್ದೇಶಕ ಪೆನ್ನನ್ನು ಮೇಜಿನ ಮೇಲಿಟ್ಟ. ಮಾಲೀಕನ ನಗು ಅರ್ಧಕ್ಕೇ ನಿಂತಿತ್ತು.

"ಆ ಚೀಟಿ ಕೊಡಿಲ್ಲಿ," ಎಂದ ನಿರ್ದೇಶಕ. ಅವಳು ಕದಲಲಿಲ್ಲ. ಅವನು ಮಾಲೀಕನ ಕಡೆ ತಿರುಗಿದ. "ಏನ್ರೀ, ಕೆಲಸ ಶುರುವಾಗಿಲ್ಲ ತಾನೇ? ವಾಪಸ್ ತಗೋತೀನಿ."

"ನಿಯಮ ಹಾಗೇ ಇದೆ ಅಕ್ಕಾ," ಎಂದ ಮಾಲೀಕ, ನೆಲ ನೋಡುತ್ತ.

ನಿರ್ದೇಶಕನ ದನಿ ಬೆಣ್ಣೆಯಾಯಿತು. "ನೋಡಮ್ಮಾ, ಕೈ ಹಾಗೇ ಇರ್ಲಿ. ಅಳಿಸೋದೇ ಬೇಡ. ಮುಂದಿನ ವಾರ ಲಕ್ಷಾಂತರ ಜನ ಅವನ ಕೈ ನೋಡ್ತಾರೆ. ಸತ್ತೋನನ್ನ ನೀನೇ ಅಳಿಸ್ತೀಯಾ?"

ಅವಳು ಪರದೆ ನೋಡಿದಳು. ಗಂಡ ಇದ್ದಾಗ ತೆಗೆಸಿದ್ದು ಎರಡು ಫೋಟೋ. ಅಲುಗಾಡುವ ಅವನು ಎಲ್ಲಿಯೂ ಇರಲಿಲ್ಲ, ಇಲ್ಲಿ ಬಿಟ್ಟರೆ. ಒಂಬತ್ತು ಸೆಕೆಂಡು. ಹೆಬ್ಬೆರಳು ಮಡಿಸಿ ದಾರವನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ತೆಗೆದುಕೊಳ್ಳುವ ಆ ರೀತಿ.

"ಒಪ್ಕೊಳ್ಳಿ ಅಕ್ಕಾ," ಮಾಲೀಕ ಮೆಲ್ಲಗೆ ಹೇಳಿದ. "ಮೂಲ ರೀಲು ಸಂಜೆ ಅವರ ಮನೆಗೆ ಹೋಗತ್ತೆ. ಇಲ್ಲಿ ಅಳಿಸಿಬಿಟ್ರೆ ಆಮೇಲೆ ನಿಮಗೆ ಇದು ಸಿಗಲ್ಲ."

"ಕೈ ಮೇಲೆ ಹೆಸರು ಬರ್ದಿಲ್ಲಪ್ಪ," ಎಂದಳು ಅವಳು. "ನಾಳೆ ಅದು ಲೈಟಿನವನ ಕೈ ಅಂತಾರೆ. ಇಲ್ಲಾ ಅಂಚು ಕತ್ತರಿಸಿ ಬಿಸಾಕ್ತಾರೆ. ಎಲುಬಿಲ್ಲದ ನಾಲಿಗೆ. ಈ ಅಕ್ಷರ ಅವರದ್ದೇ."

"ಹೆಸರೂ ಹಾಕಿಸ್ತೀನಮ್ಮಾ. ದೊಡ್ಡಕ್ಷರದಲ್ಲಿ. ಅವನ ಹೆಸರು..." ನಿರ್ದೇಶಕ ತಡವರಿಸಿದ. ಹೆಸರು ಬರಲಿಲ್ಲ.

ಅವಳು ಕಾದಳು. ಆಮೇಲೆ ಪರದೆಯ ಮೇಲೆ ಎಳೆದು ಅಳಿಸುವ ಕಡ್ಡಿಯನ್ನು ಕೈಗೆತ್ತಿಕೊಂಡು, ಬಟ್ಟೆ ಸುತ್ತಿದ ಬೆರಳಿನ ಮೇಲೆ ಇಟ್ಟು ಎಳೆದಳು.

ಬೆರಳು ಹೋಯಿತು. ಗೋಡೆಯ ಬಣ್ಣ ಬಂತು.

"ಮೊದಲ ಚೌಕಟ್ಟು ಆಯ್ತು," ಎಂದಳು. "ಈಗ ವಾಪಸ್ ಇಲ್ಲ ಸಾರ್."

ನಿರ್ದೇಶಕ ಏನೇನೋ ಕೂಗಿದ, ವಕೀಲರ ಹೆಸರು ಹೇಳಿದ. ಮಾಲೀಕ ಎದ್ದು ಬಾಗಿಲು ತೆರೆದು ಹಿಡಿದುಕೊಂಡ, ಅಷ್ಟೇ. ಮೆಟ್ಟಿಲಿಳಿಯುವ ಸದ್ದು ಬಹಳ ನಿಧಾನವಾಗಿ ಕೇಳಿಸಿತು.

ಒಂಬತ್ತು ಸೆಕೆಂಡಿಗೆ ಇನ್ನೂರ ಹದಿನಾರು ಚೌಕಟ್ಟು. ಅವಳು ಒಂದನ್ನೂ ಬಿಡಲಿಲ್ಲ. ಹೆಬ್ಬೆರಳಿರುವಲ್ಲಿ ಕೈ ತಾನಾಗಿ ನಿಧಾನವಾಗುತ್ತಿತ್ತು. ಆಗ ಕಡ್ಡಿ ಕೆಳಗಿಟ್ಟು, ಬೆರಳು ನೀವಿಕೊಂಡು, ಮತ್ತೆ ಹಿಡಿಯುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾಲ್ಕು ಗಂಟೆಗೆ ಮಾಲೀಕ ಚೀಟಿಗೆ ಮುದ್ರೆ ಒತ್ತಿ, ಕಾರ್ಬನ್ ಪ್ರತಿಯನ್ನು ಹರಿದು ಅವಳ ಮುಂದಿಟ್ಟ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಹಾಕಿ ಜಿಪ್ ಎಳೆದಳು.

ಸರಿಯಾಗಿದೆಯೇ ಎಂದು ಕೊನೆಗೊಮ್ಮೆ ಓಡಿಸಿ ನೋಡಬೇಕಿತ್ತು. ಓಡಿಸಿದಳು. ಹಲಗೆಯಿಲ್ಲ, ದಾರವಿಲ್ಲ, ಕೈಯಿಲ್ಲ. ಲೋಟ ಮೇಜಿನಿಂದ ತಾನಾಗಿ ಎದ್ದು, ಗಾಳಿಯಲ್ಲಿ ಒಂದಿಷ್ಟು ಓಲಾಡಿ, ಸೊಸೆಯ ತಲೆಯ ಮೇಲೆ ನಿಂತಿತು. ಧ್ವನಿಮುದ್ರಿಕೆಯಲ್ಲಿ ಜನ ಬಿದ್ದೂ ಬಿದ್ದೂ ನಕ್ಕರು.