ಕಲ್ಲನ್ನೂ ಮೈಯೆಂದು ತೂಗಿದೆ

ನಾನೊಂದು ತೂಕದ ಮಷೀನು. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಹುಟ್ಟಿದೆ. ಮುಳ್ಳು ಸಿಕ್ಕಿಸಿದ ಮೇಸ್ತ್ರಿ ತಾನೇ ನನ್ನ ಮೇಲೆ ನಿಂತು ನೋಡಿ, "ಪಕ್ಕಾ ಐತಿ" ಅಂದ. ಆ ಒಂದು ಮಾತಿಗೇ ನನಗೆ ಕೋಡು ಮೂಡಿತ್ತು. ಮೊದಲು ಔಷಧದಂಗಡಿಯೊಂದರ ಬಾಗಿಲಲ್ಲಿದ್ದೆ. ಅಂಗಡಿ ಮುಚ್ಚಿದ ಮೇಲೆ ಗದಗಿನ ಕಡೆಯ ಒಂದು ಕಾಲೇಜಿಗೆ ಬಂದೆ. ಅಲ್ಲಿ ನನ್ನ ಯಜಮಾನರು ದೈಹಿಕ ಶಿಕ್ಷಣದ ಹೊಸಮನಿ ಸರ್.

ವರ್ಷಕ್ಕೊಮ್ಮೆ ಆರೋಗ್ಯ ಸಪ್ತಾಹ, ಅದರ ಕೊನೆಯ ದಿನ ಬೆಳಿಗ್ಗೆ ಫಲಕ ಹಿಡಿದು ಜಾಥಾ, ಆಮೇಲೆ ರಕ್ತದಾನ. ತೂಕ ಸಾಲದವರನ್ನು ಸರ್ ಮೈಕಿನಲ್ಲೇ ಹೆಸರು ಕೂಗಿ ವಾಪಸು ಕಳಿಸುತ್ತಿದ್ದರು. ಹಾಸ್ಟೆಲಿನ ಮೈಲಾರಿಗೆ ಹೋದ ವರ್ಷ ಹಾಗಾಗಿತ್ತು. ಚಹಾದ ಮೇಲೇ ದಿನ ತಳ್ಳುವ ಹುಡುಗ. ಅಂದಿನಿಂದ ಇಡೀ ಕಾಲೇಜಿಗೆ ಅವನು 'ಕಡ್ಡಿ'. ಈ ಸಲವೂ ವಾಪಸಾದರೆ ಕಾಲೇಜೇ ಬೇಡ ಅಂತ ತೀರ್ಮಾನಿಸಿಬಿಟ್ಟಿದ್ದ, ಪಾಪ.

ನನ್ನ ಮೇಲೆ ಹತ್ತಿದಾಗ ಅವನ ಕಿಸೆಯಲ್ಲಿ ಕಲ್ಲು, ಅಂಗಿಯೊಳಗೆ ಸೊಂಟಕ್ಕೆ ಉಸುಕಿನ ಚೀಲ. ನನಗೆ ಗೊತ್ತಾಯಿತು. ಆದರೇನು, ಮುಳ್ಳು ಏರಿಯೇ ಬಿಟ್ಟಿತು.

"ಭೇಷ್ ಮೈಲಾರಿ! ಮೈ ತುಂಬ್ಕೊಂಡಿಯಲ್ಲೋ!" ಎಂದು ಸರ್ ಬೆನ್ನು ತಟ್ಟಿದರು. ನನಗೆ ಅಲ್ಲೇ ನೆಲದೊಳಗೆ ಇಳಿದುಹೋಗಬೇಕೆನಿಸಿತು.

ರಕ್ತ ಕೊಟ್ಟು ಎದ್ದವನು ದೊಪ್ಪನೆ ಬಿದ್ದ. ಚೀಲ ಬಿಚ್ಚಿ ಉಸುಕು ಚೆಲ್ಲಿತು. ಹುಡುಗರು ಹೋ ಎಂದು ನಕ್ಕರು. ಸರ್ ಕೆಂಡವಾದರು. "ನನ್ನ ಮರ್ಯಾದಿ ಮಣ್ಣಪಾಲ ಮಾಡಿದೆಲ್ಲೋ! ಏ, ಎಲ್ಲಾರೂ ಕಿಸೇದಾಗಿಂದು ಹೊರಗ ತೆಗೀರಿ!"

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತೆಗೆದಿಟ್ಟರು. ಕಲ್ಲು, ಬೀಗ, ಒಬ್ಬನ ಹತ್ತಿರ ಕಬ್ಬಿಣದ ಗುಂಡು. ನಗು ಅಡಗಿತು.

ರಕ್ತದಾನಕ್ಕೆಂದು ಬಂದಿದ್ದ ಡಾಕ್ಟರಮ್ಮ ಮೈಲಾರಿಯ ಮುಖಕ್ಕೆ ಗಾಳಿ ಬೀಸುತ್ತ ಕೇಳಿದರು. "ಮುಂಜಾನಿ ಏನ್ ತಿಂದೀಪಾ?"

"ಏನಿಲ್ರಿ ಮೇಡಂ." ಅವನು ಕಣ್ಣು ತುಂಬಿಕೊಂಡು ಹೊಸಮನಿಯವರ ಕಡೆ ತಿರುಗಿದ. "ನಾಷ್ಟಾ ಆಮ್ಯಾಲ, ಮೊದಲ ಜಾಥಾದಾಗ ನಿಲ್ರಿ ಅಂದಿದ್ರಲ್ರಿ ಸರ."

ಜಾಥಾದ ಫಲಕ ಇನ್ನೂ ಸರ್ ಕೈಯಲ್ಲೇ ಇತ್ತು. 'ಬೆಳಗಿನ ಉಪಾಹಾರ ತಪ್ಪಿಸಬೇಡಿ' ಎಂದು ಬರೆದಿತ್ತು. ಅದನ್ನು ಮೆಲ್ಲಗೆ ತಿರುವಿ ಗೋಡೆಗೆ ಒರಗಿಸಿದರು.

ಅಂದಿನಿಂದ ನನ್ನನ್ನು ಯಾರೂ ನಂಬಲಿಲ್ಲ. ಹಾಸ್ಟೆಲ್ ಅಡುಗೆಮನೆಯ ಮೂಲೆಯಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ಕೂತಿದ್ದೇನೆ. ಭಾರ ಬಂದರೆ ಏರುವುದಷ್ಟೇ ನನಗೆ ಗೊತ್ತಿತ್ತು, ಹಸಿವು ಗೊತ್ತಾಗಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಹೊಸಮನಿ ಸರ್ ಈಗ ದಿನಾ ಬೆಳಿಗ್ಗೆ ಬಂದು ತಾವೇ ಉಪ್ಪಿಟ್ಟು ಬಡಿಸುತ್ತಾರೆ. "ಹೊಟ್ಟಿ ತುಂಬ ತಿನ್ರೋ" ಎಂದು ಎಲ್ಲರಿಗೂ ಗದರುತ್ತಾರೆ. ಮೈಲಾರಿ ತಟ್ಟೆ ಹಿಡಿದು ಬಂದಾಗ ಮಾತ್ರ ಮುಖ ತಗ್ಗಿಸಿ, ಇನ್ನೊಂದು ಸೌಟು ಹಾಕುತ್ತಾರೆ.